ಸೈಪ್ರಸ್: ಒಂದೇ ಮೇಜಿಗೆ ಕೂರಿಸಿದರೆ ಮನಸ್ಸು ಬದಲಾಗುತ್ತದೆಯೇ?

ಪ್ರಶ್ನೆ: ನಾನು ಮಡಿಕೇರಿಯವಳು, ಮೈಸೂರಿನಲ್ಲಿ ಮನಃಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಜನರಲ್ ತಿಮ್ಮಯ್ಯನವರ ಮನೆಯ ಸಂಗ್ರಹಾಲಯ ನೋಡಿದಾಗಿನಿಂದ ಸೈಪ್ರಸ್ ವಿಷಯ ತಲೆಯಲ್ಲಿ ಕೂತಿದೆ. ಅಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದ ಅವರು ತೀರಿಕೊಂಡು 60 ವರ್ಷವಾದರೂ ಆ ಪಡೆ ಅಲ್ಲಿಂದ ಕದಲಿಲ್ಲ. ಮನಃಶಾಸ್ತ್ರಜ್ಞರು ದ್ವೀಪದ ಗ್ರೀಕ್, ಟರ್ಕಿಶ್ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದ್ದಾರೆ ಎಂದು ಓದಿದೆ. ಅದರಿಂದ ಏನಾದರೂ ಆಯಿತೇ? ಅಂಥ ಕಾರ್ಯಾಗಾರವನ್ನು ನಿಜವಾಗಿ ಹೇಗೆ ನಡೆಸುತ್ತಾರೆ? ನಮ್ಮ ತರಗತಿಯಲ್ಲಿ ಒಂದು ಮಾದರಿ ಮಾಡಬೇಕೆಂದಿದ್ದೇವೆ, ಏನು ಎಚ್ಚರ ಬೇಕು?

ಉತ್ತರ: ಆಯಿತು, ಆದರೆ ಬಹಳ ಜನ ಹುಡುಕುವ ಜಾಗದಲ್ಲಿ ಅಲ್ಲ. ಕೂತು ಮಾತಾಡಿದವರು ಬದಲಾದರು, ಅವರ ಊರು ಬದಲಾಗಲಿಲ್ಲ. ಊರು ಅಷ್ಟಿಷ್ಟಾದರೂ ಬದಲಾದದ್ದು ಎರಡೂ ಕಡೆಯವರು ಸೇರದೆ ಮುಗಿಯದ ಕೆಲಸವೊಂದು ಎದುರಿಗೆ ಬಂದ ಕಡೆ. ಒಳಚರಂಡಿ, ಕಾಣೆಯಾದವರ ಮೂಳೆಗಳು, ಬಿದ್ದುಹೋಗುತ್ತಿದ್ದ ಹಳೆಯ ಚರ್ಚು ಮಸೀದಿಗಳು. ಕಾರ್ಯಾಗಾರ ವ್ಯರ್ಥ ಎಂದು ಇದರ ಅರ್ಥವಲ್ಲ. ಅದು ಎಲ್ಲಿಯವರೆಗೆ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎನ್ನುವುದನ್ನು ಸೈಪ್ರಸ್‌ನಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಕಡಿಮೆ.

ಹಿನ್ನೆಲೆ ಚುಟುಕಾಗಿ. 1960ರ ಆಗಸ್ಟ್ 16ರಂದು ಬ್ರಿಟನ್ನಿನಿಂದ ಸ್ವತಂತ್ರವಾದಾಗ ದ್ವೀಪದಲ್ಲಿ ಸುಮಾರು ಶೇ 78ರಷ್ಟು ಗ್ರೀಕ್ ಸೈಪ್ರಿಯಟ್ಟರು, ಶೇ 18ರಷ್ಟು ಟರ್ಕಿಶ್ ಸೈಪ್ರಿಯಟ್ಟರು. ಸರ್ಕಾರಿ ನೌಕರಿಯನ್ನು ಸಂವಿಧಾನ 70:30ರಲ್ಲಿ ಹಂಚಿತ್ತು. ಮೂರೇ ವರ್ಷಕ್ಕೆ, 1963ರ ಡಿಸೆಂಬರಿನಲ್ಲಿ, ರಕ್ತ ಹರಿಯಿತು. ಬ್ರಿಟಿಷ್ ಸೇನಾಧಿಕಾರಿಯೊಬ್ಬ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್ಲಿನಿಂದ ಗೆರೆ ಎಳೆದ, ಅದೇ ಹಸಿರು ಗೆರೆ. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಪಡೆ ಬಂತು. ಮೊದಲ ದಂಡನಾಯಕ ಭಾರತದ ಜನರಲ್ ಗ್ಯಾನಿ, ಅದೇ ವರ್ಷದ ಜುಲೈಯಿಂದ ನಿಮ್ಮೂರಿನ ತಿಮ್ಮಯ್ಯನವರು. 1965ರ ಡಿಸೆಂಬರ್ 18ರಂದು ಅಲ್ಲೇ ಕರ್ತವ್ಯದಲ್ಲಿದ್ದಾಗ ತೀರಿಕೊಂಡರು. 1974ರ ಜುಲೈ 15ರಂದು ಅಥೆನ್ಸಿನ ಸೈನಿಕ ಸರ್ಕಾರದ ಕುಮ್ಮಕ್ಕಿನಿಂದ ಕ್ಷಿಪ್ರಕ್ರಾಂತಿ, 20ರಂದು ಟರ್ಕಿಯ ಸೈನ್ಯ ಇಳಿಯಿತು. ಗ್ರೀಕರು ದಕ್ಷಿಣಕ್ಕೆ, ಟರ್ಕಿಶರು ಉತ್ತರಕ್ಕೆ ಕಿತ್ತುಹೋದರು. ಈಗ ನಡುವೆ 180 ಕಿ.ಮೀ. ಉದ್ದದ ತಡೆವಲಯ. ನಿಕೋಸಿಯಾದ ಹಳೆಪೇಟೆಯಲ್ಲಿ ಅದು ಒಂದು ಓಣಿಯಷ್ಟೇ ಅಗಲ, ಬೇರೆಡೆ ಏಳು ಕಿ.ಮೀ. ದಾಟುತ್ತದೆ. ಉತ್ತರದಲ್ಲಿ 1983ರಲ್ಲಿ ಘೋಷಿಸಿಕೊಂಡ ಗಣರಾಜ್ಯವನ್ನು ಟರ್ಕಿ ಬಿಟ್ಟು ಯಾವ ದೇಶವೂ ಮಾನ್ಯ ಮಾಡಿಲ್ಲ.

ಇಲ್ಲಿ ದ್ವೇಷವನ್ನು ಹುಡುಕುತ್ತ ಹೊರಟರೆ ದಾರಿ ತಪ್ಪುತ್ತೀರಿ. ಹುಡುಕಬೇಕಾದದ್ದು ಭಯ, ಅದೂ ಎರಡು ಬಗೆಯದು. ಗ್ರೀಕ್ ಸೈಪ್ರಿಯಟ್ಟರು ದ್ವೀಪದಲ್ಲಿ ಬಹುಸಂಖ್ಯಾತರು, ಆದರೆ 70 ಕಿ.ಮೀ. ಆಚೆಯ ಟರ್ಕಿಯ ಎದುರು ಒಂದು ಹಿಡಿ. ಟರ್ಕಿಶ್ ಸೈಪ್ರಿಯಟ್ಟರ ಬೆನ್ನಿಗೆ ದೊಡ್ಡ ದೇಶವಿದೆ, ಆದರೆ ದ್ವೀಪದೊಳಗೆ ಅವರು ಐದರಲ್ಲಿ ಒಬ್ಬರೂ ಅಲ್ಲ. ಹೀಗೆ ಇಬ್ಬರೂ ತಾವೇ ಅಲ್ಪಸಂಖ್ಯಾತರೆಂದು ನಂಬಿದ್ದಾರೆ, ಇಬ್ಬರ ಲೆಕ್ಕವೂ ಸರಿ. ಒಬ್ಬರಿಗೆ ಟರ್ಕಿಯ ಸೈನ್ಯ ಹೋದರೆ ನಿದ್ದೆ, ಇನ್ನೊಬ್ಬರಿಗೆ ಅದು ಇದ್ದರೆ ನಿದ್ದೆ. ಒಬ್ಬರನ್ನು ಸಮಾಧಾನಪಡಿಸುವ ಮಾತು ಇನ್ನೊಬ್ಬರ ಎದೆ ನಡುಗಿಸುತ್ತದೆ.

ಈ ಭಯ ದಿನದ ಬದುಕಿಗೆ ಹೇಗೆ ಇಳಿಯುತ್ತದೆ ಎನ್ನುವುದಕ್ಕೆ ನಿಕೋಸಿಯಾದಲ್ಲೇ ಹುಟ್ಟಿ ಅಮೆರಿಕದಲ್ಲಿ ಮನೋವೈದ್ಯರಾದ ವಾಮಿಕ್ ವೋಲ್ಕನ್ ಕೊಟ್ಟ ಒಂದು ಚಿತ್ರವಿದೆ. 1963ರ ನಂತರ ಟರ್ಕಿಶ್ ಸೈಪ್ರಿಯಟ್ಟರು ದ್ವೀಪದ ಶೇ 3ರಷ್ಟು ಜಾಗದ ಕಿರಿದಾದ ಕೇರಿಗಳಲ್ಲಿ ಸಿಕ್ಕಿಬಿದ್ದಿದ್ದರು. 1968ರಲ್ಲಿ ತಾಯ್ನಾಡಿಗೆ ಹೋದ ವೋಲ್ಕನ್ ಕಂಡದ್ದು ಮನೆಮನೆಯಲ್ಲೂ ಅಂಗಡಿಗಳಲ್ಲೂ ಪಂಜರದ ಗಿಣಿಗಳು. ದ್ವೀಪದ ಹಕ್ಕಿಯೂ ಅಲ್ಲ ಅದು. ಜನ ಮೊಟ್ಟೆ ಮರಿ ಎಣಿಸುತ್ತ, ಕಾಳು ಹಾಕುತ್ತ, ಅವು ಬದುಕಿ ಬೆಳೆಯುವುದನ್ನು ನೋಡುತ್ತ ಕೂತಿದ್ದರು. ಪಂಜರದಲ್ಲಿದ್ದವರು ಪಂಜರದ ಹಕ್ಕಿಯನ್ನು ಸಾಕಿ ತಮ್ಮ ಜೀವ ಕಾಪಾಡಿಕೊಂಡರು ಎನ್ನುವುದು ಅವರ ವ್ಯಾಖ್ಯಾನ. 1974ರ ನಂತರ ಆ ಹುಚ್ಚು ತಾನಾಗಿ ಇಳಿಯಿತು. ಎಲ್ಲವನ್ನೂ ಸಂಕೇತವಾಗಿ ಓದುವ ಮನೋವಿಶ್ಲೇಷಣೆಯ ಚಟ ಎಲ್ಲರಿಗೂ ರುಚಿಸುವುದಿಲ್ಲ, ನಿಜ. ಆದರೆ 1974 ಎಂದ ಕೂಡಲೇ ದಕ್ಷಿಣದವರ ಮುಖ ಕಪ್ಪಿಡುವಾಗ ಉತ್ತರದ ಒಬ್ಬ ಅಜ್ಜಿಗೆ ಯಾಕೆ ಉಸಿರು ಸಲೀಸಾಗುತ್ತದೆ ಎನ್ನುವುದನ್ನು ಈ ಗಿಣಿಗಳಷ್ಟು ಚೆನ್ನಾಗಿ ಯಾವ ಸಮೀಕ್ಷೆಯೂ ಹೇಳಲಾರದು.

ಈಗ ಒಡನಾಟದ ವಿಷಯ. ನಿಮ್ಮ ಪಠ್ಯದಲ್ಲಿ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಹೇಳಿದ ನಾಲ್ಕು ಷರತ್ತು ಇದ್ದೇ ಇರುತ್ತವೆ: ಸಮಾನ ಸ್ಥಾನ, ಒಂದೇ ಗುರಿ, ಪೈಪೋಟಿಯಿಲ್ಲದ ಸಹಕಾರ, ಅಧಿಕಾರಸ್ಥರ ಬೆಂಬಲ. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಇಳಿಯುವುದು ಖಚಿತವಾಯಿತು. ಆದರೆ ಪೂರ್ಣ ಸಂಬಂಧವನ್ನು 1 ಎಂದುಕೊಂಡರೆ ಇದರ ಬಲ ಸರಾಸರಿ 0.21ರ ಆಸುಪಾಸು. ಇದೆ, ಆದರೆ ಪವಾಡವಲ್ಲ. ಅದೇ ಜೋಡಿ ಆಮೇಲೆ ತೋರಿಸಿದ ಇನ್ನೊಂದು ಸಂಗತಿ ಕಾರ್ಯಾಗಾರ ನಡೆಸುವವರಿಗೆ ಹೆಚ್ಚು ಉಪಯುಕ್ತ. ಒಡನಾಟ ಕೆಲಸ ಮಾಡುವುದು ಮುಖ್ಯವಾಗಿ ಆತಂಕವನ್ನು ಇಳಿಸಿ, ಇನ್ನೊಬ್ಬರ ಜಾಗದಲ್ಲಿ ನಿಲ್ಲುವುದನ್ನು ಕಲಿಸಿ. ತಿಳಿವಳಿಕೆ ಹೆಚ್ಚಿಸುವುದರಿಂದ ಆಗುವ ಲಾಭ ಕಡಿಮೆ. ಹಾಗಾಗಿ 'ಅವರ ಸಂಸ್ಕೃತಿಯ ಪರಿಚಯ' ಎಂದು ಎರಡು ಗಂಟೆ ಸ್ಲೈಡು ತೋರಿಸುವುದು ಸಮಯ ದಂಡ. ಸೈಪ್ರಸ್‌ನಲ್ಲಂತೂ ಒಬ್ಬರ ಅಡುಗೆ ಇನ್ನೊಬ್ಬರಿಗೆ ಬಾಯಿಪಾಠ. ಒಂದೇ ಚೀಸಿಗೆ ಒಂದು ಕಡೆ ಹಲೂಮಿ, ಇನ್ನೊಂದು ಕಡೆ ಹೆಲ್ಲಿಮ್. ಗಸಿ ಕೂತ ಒಂದೇ ಕಾಫಿ ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಟರ್ಕಿಶ್.

2003ರ ಏಪ್ರಿಲ್ 23ರಂದು ಉತ್ತರದ ಆಡಳಿತ ಇದ್ದಕ್ಕಿದ್ದಂತೆ ಗಡಿ ತೆರೆದಾಗ ಒಡನಾಟಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. 29 ವರ್ಷದ ನಂತರ ಜನ ಸಾಲುಗಟ್ಟಿ ದಾಟಿದರು. ಬಹುಪಾಲು ಜನ ಹೋದದ್ದು ತಮ್ಮ ಹಳೆಯ ಮನೆಗೆ. ಬಾಗಿಲು ತೆರೆದವರು ಎಷ್ಟೋ ಕಡೆ ಕಾಫಿ ಕೊಟ್ಟರು, ಅಟ್ಟದಲ್ಲಿ ಎತ್ತಿಟ್ಟಿದ್ದ ಮದುವೆಯ ಫೋಟೋ ಮರಳಿಸಿದರು. ಕಣ್ಣೀರು, ಅಪ್ಪುಗೆ. ದೊಡ್ಡ ಹೊಡೆದಾಟವಿಲ್ಲದೆ ಇಷ್ಟೆಲ್ಲ ನಡೆದದ್ದು ನೋಡಿ 'ಇವರು ಒಟ್ಟಿಗೆ ಬಾಳಲಾರರು' ಎಂಬ ಮಾತಿನ ಬುಡ ಸಡಿಲವಾಯಿತು. ಆದರೆ ಆಲ್ಪೋರ್ಟನ ಷರತ್ತುಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಬ್ಬರು ತಮ್ಮದೇ ಮನೆಗೆ ನೆಂಟರಂತೆ ಬಂದಿದ್ದಾರೆ, ಇನ್ನೊಬ್ಬರು ಅದೇ ಮನೆಯಲ್ಲಿ ಮೊಮ್ಮಕ್ಕಳನ್ನು ಕಂಡಿದ್ದಾರೆ. ಸಮಾನ ಸ್ಥಾನವೆಲ್ಲಿ? ಒಂದೇ ಗುರಿಯೆಲ್ಲಿ? ಕಾಫಿ ಮುಗಿದ ಮೇಲೆ ಮನೆ ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು. ಒಂದು ವರ್ಷ ಕಳೆದು, 2004ರ ಏಪ್ರಿಲ್ 24ರಂದು, ದ್ವೀಪವನ್ನು ಮತ್ತೆ ಒಂದುಗೂಡಿಸಲು ವಿಶ್ವಸಂಸ್ಥೆ ಮುಂದಿಟ್ಟ ಅನ್ನಾನ್ ಯೋಜನೆಗೆ ಮತದಾನವಾದಾಗ ಟರ್ಕಿಶ್ ಸೈಪ್ರಿಯಟ್ಟರಲ್ಲಿ ಶೇ 65 ಜನ ಒಪ್ಪಿದರು, ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ 76 ಜನ ತಳ್ಳಿದರು.

ದಾಟದೆ ಉಳಿದವರನ್ನೂ ಮರೆಯಬೇಡಿ. ತಪಾಸಣೆಯ ಕಿಟಕಿಯಲ್ಲಿ ಒಂದು ಚೀಟಿ ತುಂಬಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಅದರ ಹೆಸರು 'ವೀಸಾ'. ನನ್ನದೇ ನಾಡಿನೊಳಗೆ ಹೋಗಲು ಆಕ್ರಮಿಸಿದವರ ವೀಸಾ ಪಡೆಯಲೇ ಎಂದು ಎಷ್ಟೋ ಗ್ರೀಕ್ ಸೈಪ್ರಿಯಟ್ಟರು ಹೊಸಿಲು ದಾಟಲಿಲ್ಲ. ಅಂಗೈಯಗಲದ ಕಾಗದ! ಆದರೆ ಮುದ್ರೆ ಹಾಕಿಸಿಕೊಂಡರೆ ಎದುರಿನ ರಾಜ್ಯವನ್ನು ಒಪ್ಪಿಕೊಂಡಂತೆ ಎಂಬ ಭಾವನೆಯ ಮುಂದೆ ಯಾವ ವಾದವೂ ನಡೆಯುವುದಿಲ್ಲ. ಇಂಥದ್ದಕ್ಕೆ ಹಣದ ಪರಿಹಾರ ತೋರಿಸಿದರೆ ಸಿಟ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹೀಗೆ ಹಣಕ್ಕೆ ಬಿಟ್ಟುಕೊಡಲಾಗದ 'ಪವಿತ್ರ ಮೌಲ್ಯ'ಗಳ ಬಗ್ಗೆ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿನಲ್ಲಿ ಗಿಂಜಸ್, ಅಟ್ರನ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಎದುರಿನವರು ಸಾಂಕೇತಿಕವಾಗಿ ಏನಾದರೂ ಬಿಟ್ಟುಕೊಟ್ಟಾಗ ಮಾತ್ರ ವಿರೋಧ ಸಡಿಲವಾಯಿತು.

ಕಾರ್ಯಾಗಾರಕ್ಕೆ ಬರೋಣ. ಈ ಪದ್ಧತಿಯ ಮೂಲಪುರುಷ ಆಸ್ಟ್ರೇಲಿಯದ ಮಾಜಿ ರಾಜತಾಂತ್ರಿಕ ಜಾನ್ ಬರ್ಟನ್. ಅವರು 1966ರಲ್ಲಿ ಲಂಡನ್ನಿನಲ್ಲಿ ಸೈಪ್ರಸ್ಸಿನ ಎರಡೂ ಕಡೆಯವರನ್ನೇ ಕೂರಿಸಿದ್ದರು. ಅದನ್ನು ಒಂದು ಶಿಸ್ತಾಗಿ ಬೆಳೆಸಿದವರು ಹಾರ್ವರ್ಡಿನ ಹರ್ಬರ್ಟ್ ಕೆಲ್ಮನ್. ಅವರ ಹೆಚ್ಚಿನ ಕೆಲಸ ಇಸ್ರೇಲಿಗಳು ಮತ್ತು ಪ್ಯಾಲೆಸ್ಟೀನಿಯರ ನಡುವೆ. ಅಳತೆ ಹೀಗೆ: ಒಂದೊಂದು ಕಡೆಯಿಂದ 3ರಿಂದ 6 ಜನ. ಅಧಿಕಾರದಲ್ಲಿರುವವರು ಬೇಡ, ಅವರಿಗೆ ಬಾಯಿ ಬಿಡಲಾಗದು. ಯಾರೂ ಕೇಳದವರೂ ಬೇಡ, ಅವರು ಬದಲಾದರೂ ಏನೂ ಆಗದು. ಸಂಪಾದಕರು, ಪ್ರಾಧ್ಯಾಪಕರು, ಪಕ್ಷದ ಎರಡನೇ ಸಾಲಿನವರು, ನಾಳೆ ಮಂತ್ರಿಯ ಕಿವಿಯಲ್ಲಿ ಮಾತಾಡಬಲ್ಲವರು ಬೇಕು. ನಡೆಸಿಕೊಡುವವರು ಮೂರು ಜನರಿಗೆ ಕಡಿಮೆಯಿಲ್ಲ. ಮೊದಲು ಒಂದೊಂದು ಕಡೆಯವರ ಜತೆ ಬೇರೆಬೇರೆಯಾಗಿ 4ರಿಂದ 5 ಗಂಟೆ. ಆಮೇಲೆ ಎರಡೂವರೆ ದಿನ ಒಟ್ಟಿಗೆ.

ಈ ಬೇರೆಬೇರೆ ಕೂರುವ ಹೊತ್ತನ್ನು ಹಣ ಉಳಿಸಲು ಕತ್ತರಿಸುವವರಿದ್ದಾರೆ. ಕತ್ತರಿಸಿದರೆ ಮೊದಲ ದಿನ ಹಾಳು. ತಮ್ಮ ಕಡೆಯವರ ನಡುವೆಯೇ ಇರುವ ಜಗಳ ಅಲ್ಲಿ ಬಯಲಾಗದಿದ್ದರೆ, ಎದುರಿನವರ ಮುಂದೆ ಎಲ್ಲರೂ 'ನಮ್ಮಲ್ಲಿ ಒಡಕಿಲ್ಲ' ಎಂದು ತೋರಿಸಲು ಹೊರಟು ಅತಿ ಗಡುಸಾದ ನಿಲುವಿಗೆ ಅಂಟಿಕೊಳ್ಳುತ್ತಾರೆ.

ನಿಯಮಗಳು ಕೆಲವೇ. ಯಾರು ಏನೆಂದರು ಎನ್ನುವುದು ಹೊರಗೆ ಹೋಗಬಾರದು. ಪ್ರೇಕ್ಷಕರಿಲ್ಲ, ಪತ್ರಕರ್ತರಿಲ್ಲ, ಧ್ವನಿಮುದ್ರಣವಿಲ್ಲ. ಒಪ್ಪಂದಕ್ಕೆ ಬರಬೇಕೆಂಬ ಒತ್ತಡವಿಲ್ಲ. ಯಾವುದು ಸರಿ ಎಂದು ಗೆಲ್ಲುವುದು ಗುರಿಯಲ್ಲ, ಯಾಕೆ ಹೀಗೆ ಎಂದು ಬಿಡಿಸುವುದು ಗುರಿ. ಮಾತು ಎದುರಿನವರ ಕಡೆಗಿರಬೇಕು, ನಡೆಸಿಕೊಡುವವರ ಕಡೆಗಲ್ಲ. ಕೊನೆಯದನ್ನು ಪಾಲಿಸುವುದೇ ಕಷ್ಟ. ಮೊದಲ ಎರಡು ಗಂಟೆ ಎರಡೂ ಕಡೆಯವರು ನ್ಯಾಯಾಧೀಶರ ಮುಂದೆ ನಿಂತಂತೆ ನಡುವಿನವರಿಗೆ ದೂರು ಹೇಳುತ್ತಾರೆ. ಆಗ ನಡುವಿನವರು ತಲೆಯಾಡಿಸಿದರೆ ಕೆಟ್ಟಿತು. ಬರೆದುಕೊಳ್ಳುವಂತೆ ನೋಟ ಕೆಳಗಿಟ್ಟು, "ಅವರಿಗೇ ಹೇಳಿ" ಎಂದಷ್ಟೇ ಹೇಳಬೇಕು.

ಕಾರ್ಯಕ್ರಮದ ಅನುಕ್ರಮ ಬಹಳ ಮುಖ್ಯ, ಏಕೆಂದರೆ ಎಲ್ಲರೂ ಪರಿಹಾರಕ್ಕೆ ಹಾರಲು ಕಾದಿರುತ್ತಾರೆ. ಮೊದಲು ಅಗತ್ಯ ಮತ್ತು ಭಯ. ಕೇಳುವ ಪ್ರಶ್ನೆ ಇಷ್ಟು: ಒಪ್ಪಂದ ಯಾವುದೇ ಇರಲಿ, ನಿಮ್ಮ ಜನ ಅದರೊಂದಿಗೆ ಬದುಕಬಲ್ಲೆವು ಎನ್ನಲು ಅದರಲ್ಲಿ ಏನಿರಲೇಬೇಕು, ಯಾವ ಭಯಕ್ಕೆ ಉತ್ತರ ಇರಬೇಕು? ಬರುವ ಉತ್ತರ ಮೊದಲು ನಿಲುವಾಗಿಯೇ ಬರುತ್ತದೆ. "ಟರ್ಕಿಯ ಸೈನ್ಯ ಹೋಗಬೇಕು." "ಖಾತರಿ ಒಪ್ಪಂದ ಉಳಿಯಬೇಕು." (ಟರ್ಕಿ, ಗ್ರೀಸ್, ಬ್ರಿಟನ್ನಿಗೆ ದ್ವೀಪದ ಕಾವಲು ವಹಿಸಿದ 1960ರ ಒಪ್ಪಂದ ಅದು.) ಆಗ "ಅದು ಆಗದಿದ್ದರೆ ಮರುದಿನ ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಏನಾಗುತ್ತದೆ?" ಎಂದು ಕೇಳಿದರೆ ನಿಲುವಿನ ಕೆಳಗಿನ ಭಯ ಮೇಲೆ ಬರುತ್ತದೆ. ಒಂದು ಕಡೆಯವರ ಪಟ್ಟಿಯನ್ನು ಇನ್ನೊಂದು ಕಡೆಯವರು ತಮ್ಮ ಮಾತಿನಲ್ಲಿ ಹೇಳಿ, ಹೇಳಿಸಿಕೊಂಡವರು "ಹೌದು, ಇದೇ" ಎನ್ನುವವರೆಗೆ ಮುಂದೆ ಹೋಗಬಾರದು. ಇದಕ್ಕೇ ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ಎರಡನೆಯದು, ಎರಡೂ ಪಟ್ಟಿಗೆ ಒಟ್ಟಿಗೆ ಉತ್ತರವಾಗುವ ಪರಿಹಾರ ಹೇಗಿರಬಹುದು? ಮೂರನೆಯದು, ಅಂಥದ್ದನ್ನು ನಿಮ್ಮ ಊರಿನಲ್ಲಿ ಹೇಳಿದರೆ ಯಾರು ಎದ್ದು ನಿಲ್ಲುತ್ತಾರೆ? ನಾಲ್ಕನೆಯದು, ಆ ಅಡ್ಡಿ ದಾಟಲು ಇವರು ನಿಮಗೆ ಹೇಗೆ ನೆರವಾಗಬಲ್ಲರು? ಕೊನೆಯ ಎರಡು ಪ್ರಶ್ನೆ ಬಂದಾಗ ಕೋಣೆಯ ಗಾಳಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಎದುರಾಳಿಯಾಗಿದ್ದವರು ತಂತಮ್ಮ ಮನೆಯ ತೊಂದರೆ ಹೇಳಿಕೊಳ್ಳುವ ಇಬ್ಬರು ನೆರೆಯವರಾಗುತ್ತಾರೆ.

ಸೈಪ್ರಸ್‌ನಲ್ಲೇ ಹೆಚ್ಚು ಬೇರೂರಿದ ಇನ್ನೊಂದು ಪದ್ಧತಿ 1994ರಲ್ಲಿ ಬಂದ ಅಮೆರಿಕದ ಬೆಂಜಮಿನ್ ಬ್ರೂಮ್ ಅವರದು. ಅವರು ಒಂದೊಂದು ಸಮುದಾಯದ ಜತೆ ಬೇರೆಯಾಗಿ ಬಹುಕಾಲ ಕೆಲಸ ಮಾಡಿದ ಮೇಲೆಯೇ ಎರಡನ್ನೂ ಒಂದುಗೂಡಿಸಿದರು. ಇಲ್ಲಿ ಮಾತಿಗಿಂತ ಕಾರ್ಡು ಮುಂದೆ. 'ಸೈಪ್ರಸ್‌ನಲ್ಲಿ ಶಾಂತಿಗೆ ಅಡ್ಡಿಗಳೇನು?' ಎಂಬ ಒಂದೇ ಪ್ರಶ್ನೆಗೆ ಎಲ್ಲರೂ ಮೌನವಾಗಿ ಬರೆಯುತ್ತಾರೆ, ಒಂದು ಕಾರ್ಡಿಗೆ ಒಂದೇ ಮಾತು. ಸರದಿಯಲ್ಲಿ ಓದುತ್ತಾರೆ. ಅರ್ಥ ಕೇಳಬಹುದು, ಟೀಕಿಸುವಂತಿಲ್ಲ. ಪ್ರತಿಯೊಬ್ಬರೂ ಮುಖ್ಯವೆನಿಸಿದ ಐದನ್ನು ಆರಿಸುತ್ತಾರೆ. ಹೆಚ್ಚು ಮತ ಬಿದ್ದವನ್ನು ಎರಡೆರಡಾಗಿ ಎದುರಿಟ್ಟು ಕಂಪ್ಯೂಟರ್ ಕೇಳುತ್ತದೆ: ಈ ಅಡ್ಡಿ ಆ ಅಡ್ಡಿಯನ್ನು ಗಣನೀಯವಾಗಿ ಹೆಚ್ಚಿಸುತ್ತದೆಯೇ? ಚರ್ಚೆ, ಮತ, ಮುಂದಿನ ಜೋಡಿ. ದಿನದ ಕೊನೆಗೆ ಗೋಡೆಯ ಮೇಲೆ ಬಾಣಗಳ ನಕ್ಷೆಯೊಂದು ನಿಲ್ಲುತ್ತದೆ, ಯಾವುದು ಬೇರು, ಯಾವುದು ಕೊಂಬೆ ಎಂದು ಕಾಣುತ್ತದೆ. ತುಂಬ ಬೇಸರ ತರಿಸುವ ಕೆಲಸ ಎಂದು ಪಾಲ್ಗೊಂಡವರು ಗೊಣಗುವುದುಂಟು, ಆದರೆ ಆ ಬೇಸರವೇ ಇದರ ಗುಣ. ಕಣ್ಣು ಎದುರಿನವನ ಮುಖದ ಬದಲು ಗೋಡೆಯ ಮೇಲಿರುವಾಗ 'ನೀನು' ಎಂಬ ಬೆರಳು ತಾನಾಗಿ ಕೆಳಗಿಳಿಯುತ್ತದೆ. ಜಂಟಿ ಗುಂಪು ತಿಂಗಳುಗಟ್ಟಲೆ ಕೂತು ನೂರಾರು ಸಲಹೆಗಳಿಂದ 15 ಯೋಜನೆಗಳನ್ನು ಆರಿಸಿತು.

ಮತ್ತೆ ತಪ್ಪಿದ್ದೆಲ್ಲಿ? ಸಭೆ ಸೇರುತ್ತಿದ್ದದ್ದು ತಡೆವಲಯದ ಲೆದ್ರಾ ಪ್ಯಾಲೆಸ್ ಎಂಬ ಹಳೆಯ ಹೋಟೆಲಿನಲ್ಲಿ. 2003ಕ್ಕೆ ಮೊದಲು ಅಲ್ಲಿಗೆ ಬರಲು ಟರ್ಕಿಶ್ ಸೈಪ್ರಿಯಟ್ಟರಿಗೆ ಪ್ರತಿ ಬಾರಿಯೂ ಅನುಮತಿ ಬೇಕು, ಅನೇಕ ಬಾರಿ ಅದು ಕೊನೆಯ ಗಳಿಗೆಯಲ್ಲಿ ಸಿಗುತ್ತಿತ್ತು ಅಥವಾ ಸಿಗುತ್ತಿರಲಿಲ್ಲ. 1997ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ಲಕ್ಸೆಂಬರ್ಗ್ ಶೃಂಗಸಭೆಯಲ್ಲಿ ಸೈಪ್ರಸ್ಸನ್ನು ಸೇರಿಸಿಕೊಳ್ಳುವ ಮಾತುಕತೆಗೆ ಹಸಿರು ನಿಶಾನೆ ತೋರಿಸಿ ಟರ್ಕಿಯನ್ನು ಹೊರಗಿಟ್ಟಾಗ, ಉತ್ತರದ ಆಡಳಿತ ಈ ಭೇಟಿಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಆಲ್ಪೋರ್ಟನ ನಾಲ್ಕನೇ ಷರತ್ತು, ಅಧಿಕಾರಸ್ಥರ ಬೆಂಬಲ, ಎಷ್ಟು ಗಟ್ಟಿ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ. ಉಳಿದವರು ಪಿಲಾ ಎಂಬ ಹಳ್ಳಿಯಲ್ಲಿ ಸೇರತೊಡಗಿದರು. ತಡೆವಲಯದೊಳಗೆ ಎರಡೂ ಸಮುದಾಯ ಒಟ್ಟಿಗೆ ಉಳಿದ ಊರು ಅದೊಂದೇ.

ಇನ್ನೊಂದು ತೊಡಕು ಭಾಷೆ. ಮಾತು ಇಂಗ್ಲಿಷಿನಲ್ಲಿ. ಕಾಗದದ ಮೇಲೆ ಇದು ಸಮಾನತೆ, ಇಬ್ಬರಿಗೂ ಪರಭಾಷೆ ತಾನೇ. ಆದರೆ ಅದೇ ಜರಡಿಯೂ ಆಯಿತು: ನಗರದ, ಓದಿದ, ಮೊದಲೇ ಅರ್ಧ ಒಪ್ಪಿದ ಜನ ಮಾತ್ರ ಕೆಳಗಿಳಿದರು. ವರ್ಷವರ್ಷವೂ ಅವೇ ಮುಖಗಳು. 1974ರಲ್ಲಿ ಮಗನನ್ನು ಕಳೆದುಕೊಂಡ ಹಳ್ಳಿಯ ತಾಯಿಗೆ ಅಲ್ಲಿ ಕುರ್ಚಿಯಿರಲಿಲ್ಲ.

ಮೂರನೆಯದು ಮನೆಗೆ ಮರಳುವ ಗಳಿಗೆ. ಕೋಣೆಯಲ್ಲಿ ಮೆದುವಾದವನು ಸೋಮವಾರ ಕಚೇರಿಯಲ್ಲಿ ಒಂದು ಮೆದುಮಾತು ಆಡಿದರೆ 'ಅವರ ಹಣ ತಿಂದು ಬಂದ' ಎನ್ನಿಸಿಕೊಳ್ಳುತ್ತಾನೆ. ಹೆಚ್ಚಿನವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕೆಲವರು ಸಂಶಯ ತೊಳೆದುಕೊಳ್ಳಲು ಮೊದಲಿಗಿಂತ ಕಟುವಾಗುತ್ತಾರೆ. ಒಳ್ಳೆಯ ಭಾವನೆ ಕೋಣೆಯಾಚೆ ದಾಟದಿರುವುದು ಸೈಪ್ರಸ್ಸಿಗೆ ಮಾತ್ರ ಸೀಮಿತವಲ್ಲ. ಉತ್ತರ ಇರಾಕಿನಲ್ಲಿ ಐಸಿಸ್‌ನಿಂದ ನಿರಾಶ್ರಿತರಾದ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ನಡೆಸಿದ, 2020ರಲ್ಲಿ ಪ್ರಕಟವಾದ ಪ್ರಯೋಗವೂ ಅದನ್ನೇ ಕಂಡಿತು: ತಂಡದವರ ಜತೆ ನಡವಳಿಕೆ ನಿಜಕ್ಕೂ ಸುಧಾರಿಸಿತು, ಮೈದಾನದಾಚೆಯ ಅಪರಿಚಿತರ ವಿಷಯದಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಹಾಗಾಗಿ ಕೊನೆಯ ಅರ್ಧ ದಿನವನ್ನು ಮರಳುವುದಕ್ಕೇ ಮೀಸಲಿಡಬೇಕು. ಯಾರಿಗೆ, ಎಷ್ಟನ್ನು, ಯಾವ ಪದದಲ್ಲಿ ಹೇಳುತ್ತೀರಿ? ಗಟ್ಟಿಯಾಗಿ ಹೇಳಿ ನೋಡಿ. ಗುಂಪಿನ ಫೋಟೋ ಪತ್ರಿಕೆಗೆ ಕೊಟ್ಟು ಅವರನ್ನು ಸಿಕ್ಕಿಸಬೇಡಿ. ಕಾರ್ಯಾಗಾರ ನಡೆಸುವ ಸಂಸ್ಥೆಗಳಿಗೆ ಈ ಫೋಟೋದ ಆಸೆ ವಿಪರೀತ.

ಪದಗಳ ಬಲೆಗೆ ಒಂದು ಉದಾಹರಣೆ ಸಾಕು. ದಕ್ಷಿಣದಲ್ಲಿ 1974ರದ್ದು 'ಆಕ್ರಮಣ', ಉತ್ತರದಲ್ಲಿ 'ಶಾಂತಿ ಕಾರ್ಯಾಚರಣೆ'. 2018ರಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ಆಶ್ರಯದಲ್ಲಿ ಎರಡೂ ಕಡೆಯ ಪತ್ರಕರ್ತರು ಸೇರಿ ಇಂಥ 56 ಪದಗಳ ಕೋಶ ತಂದರು, ಎದುರಿನವರಿಗೆ ಇದು ಯಾಕೆ ಚುಚ್ಚುತ್ತದೆ ಎಂಬ ವಿವರಣೆಯೊಂದಿಗೆ. ಬಳಸಲೇಬೇಕೆಂಬ ಬಲವಂತವೇನೂ ಇರಲಿಲ್ಲ. ಆದರೂ ದಕ್ಷಿಣದಲ್ಲಿ ಗದ್ದಲವೆದ್ದು, ಬರೆದವರಿಗೆ ಬೆದರಿಕೆಗಳು ಬಂದವು. ಪದ ಕಸಿದುಕೊಂಡರೆ ನೋವನ್ನೇ ಕಸಿದುಕೊಂಡಂತೆ ಜನ ಭಾವಿಸುತ್ತಾರೆ. ಕಾರ್ಯಾಗಾರದಲ್ಲಿ ಪದ ತಿದ್ದಲು ಹೋಗದೆ ಎರಡು ಕಾಲರೇಖೆಗಳನ್ನು ಗೋಡೆಗೆ ಅಂಟಿಸುವುದು ಇದಕ್ಕಿಂತ ಒಳ್ಳೆಯ ದಾರಿ: ಒಂದೊಂದು ಕಡೆಯವರು ತಮ್ಮ ಕತೆಯ ಹತ್ತು ಇಸವಿಗಳನ್ನು ಬರೆಯಲಿ. ಟರ್ಕಿಶ್ ಪಟ್ಟಿಯಲ್ಲಿ 1963ರಿಂದ 1974ರವರೆಗೆ ಕಾರ್ಡು ದಟ್ಟ, ಗ್ರೀಕ್ ಪಟ್ಟಿಯಲ್ಲಿ 1974ರ ನಂತರ ದಟ್ಟ. ಒಬ್ಬರ ಕತ್ತಲ ವರ್ಷಗಳು ಇನ್ನೊಬ್ಬರಲ್ಲಿ ಖಾಲಿ ಗೋಡೆ. ಆ ಖಾಲಿ ಜಾಗದ ಮುಂದೆ ಜನ ನಿಂತು ನೋಡುವ ಹತ್ತು ನಿಮಿಷ ಯಾವ ಭಾಷಣಕ್ಕಿಂತ ಮಿಗಿಲು.

ಇನ್ನು ನಾನು ಮೊದಲು ಹೇಳಿದ ಕೆಲಸಗಳು. ಗೆರೆ ಎಳೆದವನ ಪೆನ್ಸಿಲ್ಲಿಗೆ ನೆಲದ ಇಳಿಜಾರು ಗೊತ್ತಿರಲಿಲ್ಲ. ನಿಕೋಸಿಯಾದ ಕೊಳಚೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಶುದ್ಧೀಕರಣ ಘಟಕ ಉತ್ತರದ ಮಿಯಾ ಮಿಲಿಯಾದಲ್ಲಿ. 1970ರ ದಶಕದ ಕೊನೆಗೆ ದಕ್ಷಿಣದ ಮೇಯರ್ ಲೆಲ್ಲೋಸ್ ದೆಮೆತ್ರಿಯಾದಿಸ್ ಮತ್ತು ಉತ್ತರದ ಮುಸ್ತಫಾ ಅಕಿಂಜಿ, ಯಾರ ಪದವಿಯನ್ನು ಯಾರು ಒಪ್ಪುತ್ತಾರೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಒಳಚರಂಡಿಗೆ ಒಪ್ಪಿದರು. ಯುದ್ಧ ಮುಗಿದು ಐದು ವರ್ಷವೂ ಆಗಿರಲಿಲ್ಲ. ಅದೇ ಮಾತುಕತೆ ಇಡೀ ನಗರಕ್ಕೆ ಒಂದು ಜಂಟಿ ಯೋಜನೆಯಾಗಿ ಬೆಳೆಯಿತು. ಎರಡೂ ಕಡೆಯ ಕೊಳಚೆ ದಶಕಗಳಿಂದ ಒಂದೇ ಘಟಕಕ್ಕೆ ಹೋಗುತ್ತಿದೆ, 2013ರ ಹೊತ್ತಿಗೆ ದಿನಕ್ಕೆ 30,000 ಘನ ಮೀಟರ್ ಸಾಮರ್ಥ್ಯದ ಹೊಸದೂ ಬಂತು. ಮುಜಫರ್ ಷೆರಿಫ್ 1954ರಲ್ಲಿ ಬಾಲಕರ ಶಿಬಿರದ ಪ್ರಯೋಗದಿಂದ ಹೇಳಿದ 'ಇಬ್ಬರೂ ಸೇರದೆ ಮುಟ್ಟಲಾಗದ ಗುರಿ' ಇದೇ. ಮಕ್ಕಳ ಶಿಬಿರದ ಆ ಪ್ರಯೋಗದ ಮೇಲೆ ಆಮೇಲೆ ಬಹಳ ಆಕ್ಷೇಪ ಬಂದಿದೆ, ಕೊಳಚೆಯ ಪುರಾವೆ ಅದಕ್ಕಿಂತ ಗಟ್ಟಿ. ಅದೇ ಅಕಿಂಜಿ 2015ರಲ್ಲಿ ಟರ್ಕಿಶ್ ಸೈಪ್ರಿಯಟ್ಟರ ನಾಯಕರಾದರು.

ಆಗ ನಡೆದದ್ದನ್ನೂ ಗಮನಿಸಿ. 2015ರ ಮೇ ತಿಂಗಳಲ್ಲಿ ಉತ್ತರದ ಕಿಟಕಿಯಲ್ಲಿ ಆ ವೀಸಾ ಚೀಟಿಯನ್ನು ಕೈಬಿಟ್ಟರು. ದಕ್ಷಿಣದ ಅಧ್ಯಕ್ಷ ಅನಸ್ತಸಿಯಾದಿಸ್, 1974ಕ್ಕೆ ಮೊದಲು ತಮ್ಮವರು ಬೆಟ್ಟಸಾಲಿನಲ್ಲಿ ಹುಗಿದಿದ್ದ 28 ನೆಲಬಾಂಬ್ ಕ್ಷೇತ್ರಗಳ ಸ್ಥಾನಸೂಚಿ ಕೊಟ್ಟರು. ಚಾರ್ಲ್ಸ್ ಆಸ್‌ಗುಡ್ 1962ರಲ್ಲಿ ಹೇಳಿದ ಕ್ರಮ ಇದು: ಚೌಕಾಸಿಯಿಲ್ಲದೆ ಒಂದು ಸಣ್ಣ ಹೆಜ್ಜೆ ನೀನೇ ಇಡು, ಮೊದಲೇ ಘೋಷಿಸು, ಪರಿಶೀಲಿಸಬಹುದಾದದ್ದನ್ನೇ ಆರಿಸು, ಉತ್ತರಕ್ಕೆ ಕಾಯಿ. ಕೆಡುವುದೂ ಅಷ್ಟೇ ಸುಲಭ. 2017ರ ಫೆಬ್ರವರಿಯಲ್ಲಿ ದಕ್ಷಿಣದ ಸಂಸತ್ತು, ಗ್ರೀಸಿನೊಂದಿಗೆ ವಿಲೀನ ಬೇಕೆಂದು 1950ರಲ್ಲಿ ನಡೆದ ಜನಮತಗಣನೆಯನ್ನು ಶಾಲೆಗಳಲ್ಲಿ ಸ್ಮರಿಸಬೇಕೆಂದು ಮತ ಹಾಕಿತು. ಕೆಲವು ನಿಮಿಷಗಳ ಶಾಲಾ ಸ್ಮರಣೆಗೆ ಮಾತುಕತೆ ಎರಡು ತಿಂಗಳು ನಿಂತುಹೋಯಿತು.

ಕಾಣೆಯಾದವರ ಪಟ್ಟಿಯಲ್ಲಿ 2,002 ಜನ: 1,510 ಗ್ರೀಕ್ ಸೈಪ್ರಿಯಟ್ಟರು, 492 ಟರ್ಕಿಶ್ ಸೈಪ್ರಿಯಟ್ಟರು. ಸತ್ತರೆಂದು ತಿಥಿ ಮಾಡುವಂತಿಲ್ಲ, ಇದ್ದಾರೆಂದು ಊಟಕ್ಕೆ ಎಲೆ ಹಾಕುವಂತಿಲ್ಲ. ಇಂಥ ದುಃಖಕ್ಕೆ ಮುಗಿಯುವ ದಾರಿಯೇ ಇಲ್ಲ, ಇನ್ನೊಬ್ಬರ ನೋವಿಗೆ ಅದರಲ್ಲಿ ಜಾಗವೂ ಇಲ್ಲ. ಇದಕ್ಕೆಂದು 1981ರಲ್ಲೇ ಸಮಿತಿಯಾಗಿತ್ತು, ಪ್ರತಿ ಕಡೆಯಿಂದ ಒಬ್ಬರು, ಮೂರನೆಯವರು ವಿಶ್ವಸಂಸ್ಥೆ ನೇಮಿಸಿದವರು. ಅಗೆತ ಶುರುವಾದದ್ದು 2006ರಲ್ಲಿ, ಅರ್ಜೆಂಟೀನಾದ ವಿಧಿವಿಜ್ಞಾನ ತಂಡದ ತರಬೇತಿಯಿಂದ. ಅಗೆಯುವವರು, ಮೂಳೆ ಜೋಡಿಸುವವರು ಎರಡೂ ಸಮುದಾಯದ ತರುಣ ತರುಣಿಯರು. ತಡೆವಲಯದ ಪ್ರಯೋಗಾಲಯದಲ್ಲಿ ಒಂದು ಮೇಜಿನ ಮೇಲೆ ತಲೆಯಿಂದ ಪಾದದವರೆಗೆ ಮೂಳೆಗಳನ್ನು ಕ್ರಮವಾಗಿ ಇಡುತ್ತಾರೆ. ಮನೆಯವರು ನೋಡಲು ಬಂದಾಗ ಮನಃಶಾಸ್ತ್ರಜ್ಞರು ಜತೆಗಿರುತ್ತಾರೆ, ವಿಜ್ಞಾನಿ ಕೇಳಿದಷ್ಟನ್ನು ಮಾತ್ರ ವಿವರಿಸುತ್ತಾರೆ. ಇದುವರೆಗೆ ಸಾವಿರಕ್ಕೂ ಹೆಚ್ಚು ಜನರ ಅವಶೇಷ ಗುರುತಿಸಿ ಮನೆಯವರಿಗೆ ಒಪ್ಪಿಸಿದ್ದಾರೆ. ಒಂದು ಕಟ್ಟುಪಾಡು ಇದೆ: ಯಾರು ಕೊಂದರು, ಹೇಗೆ ಸತ್ತರು ಎಂದು ಸಮಿತಿ ಹೇಳುವುದಿಲ್ಲ. ಹೇಳುತ್ತೇವೆ ಎಂದರೆ ಹೂತ ಜಾಗ ತೋರಿಸುವ ಮುದುಕ ಬಾಯಿ ಬಿಡುವುದಿಲ್ಲ. ನ್ಯಾಯ ಬಿಟ್ಟು ಮೂಳೆ ಪಡೆದ ಈ ವ್ಯವಹಾರವನ್ನು ಕಟುವಾಗಿ ಟೀಕಿಸುವ ಮನೆಯವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ಆದರೂ ಎರಡೂ ಕಡೆಯ ಜನ ಇನ್ನೊಬ್ಬರ ಶವಕ್ಕಾಗಿ ತಮ್ಮ ತೋಟ ಅಗೆಯಲು ಬಿಟ್ಟದ್ದು ಯಾವ ಕಾರ್ಯಾಗಾರವೂ ಸಾಧಿಸದ ಸಂಗತಿ.

2004ರ ಮತದಾನಕ್ಕೆ ಒಂದು ಮಾತು. ಸಾವಿರಾರು ಪುಟಗಳ ಯೋಜನೆ, ಅಂತಿಮ ರೂಪ ಕೈಗೆ ಬಂದದ್ದು ಮತದಾನಕ್ಕೆ ಮೂರು ನಾಲ್ಕು ವಾರ ಮೊದಲು. ಏಪ್ರಿಲ್ 7ರಂದು ದಕ್ಷಿಣದ ಆಗಿನ ಅಧ್ಯಕ್ಷ ಪಾಪದೊಪುಲೊಸ್ ಟಿ.ವಿ.ಯಲ್ಲಿ ಗದ್ಗದಿತರಾಗಿ 'ಬೇಡ' ಎನ್ನಿ ಎಂದರು. ದಕ್ಷಿಣಕ್ಕೆ ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಮೇ 1ಕ್ಕೆ ಹೇಗೂ ಖಾತ್ರಿಯಾಗಿತ್ತು, ಬೇಡ ಎಂದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಹೌದು ಎಂದರೆ ಟರ್ಕಿಯ ಸೈನ್ಯ ಮಾತಿನಂತೆ ಹೋಗುತ್ತದೆ ಎಂದು ನಂಬಬೇಕಿತ್ತು. ಭಯದ ಪಟ್ಟಿಗೆ ಉತ್ತರವಿಲ್ಲದ ಒಪ್ಪಂದಕ್ಕೆ ಒಡನಾಟದ ಸದ್ಭಾವನೆ ಮತ ತರುವುದಿಲ್ಲ. ಒಪ್ಪಿದ ಟರ್ಕಿಶ್ ಸೈಪ್ರಿಯಟ್ಟರಿಗೆ ಒಪ್ಪಿಯೂ ಏನೂ ಸಿಗಲಿಲ್ಲ ಎಂಬ ಕಹಿ ಇಂದಿಗೂ ಇದೆ.

ನಿಮ್ಮ ತರಗತಿಯ ಮಾದರಿಗೆ: 12 ಜನರ ಆಟ ಸಾಕು, ಕಡೆಗೆ ನಾಲ್ಕು, ನಡೆಸಿಕೊಡಲು ಇಬ್ಬರು, ಸುಮ್ಮನೆ ಎಣಿಸಲು ಇಬ್ಬರು. ಸೈಪ್ರಸ್ಸನ್ನೇ ಇಟ್ಟುಕೊಳ್ಳಿ. ನಿಮ್ಮೂರಿನ ಹಸಿ ಗಾಯದ ಜಗಳವನ್ನು ಮೊದಲ ಪ್ರಯೋಗಕ್ಕೆ ತರಬೇಡಿ. ಆಟ ಮುಗಿದ ಮೇಲೂ ಹಾಸ್ಟೆಲಿನಲ್ಲಿ ಅದೇ ಜನ ಎದುರುಬದುರು ಮಲಗಬೇಕು. ಪಾತ್ರದ ಚೀಟಿಯಲ್ಲಿ ನಿಲುವು ಬರೆಯಬೇಡಿ, ಒಂದು ಮನೆ, ಒಂದು ಇಸವಿ, ಒಂದು ಭಯ ಬರೆಯಿರಿ. ಬೇರೆಬೇರೆ ಕೂರಲು 40 ನಿಮಿಷ, ಕಾಲರೇಖೆಗೆ 30, ಅಗತ್ಯ ಮತ್ತು ಭಯಕ್ಕೆ 60, ಅಡ್ಡಿಗಳಿಗೆ 30, ಪಾತ್ರ ಕಳಚಿ ಮಾತಾಡಲು 40. ಕೊನೆಯದನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಪಾತ್ರದ ಸಿಟ್ಟು ಹೊತ್ತುಕೊಂಡೇ ಮನೆಗೆ ಹೋಗುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ, ಹೆಸರು ಹೇಳಿ, ಕುರ್ಚಿ ಬದಲಿಸಿ ಕೂರಿಸಿ. ಎಣಿಸುವವರು ಎರಡನ್ನೇ ಎಣಿಸಲಿ: ಎದುರಿನವರಿಗೆ ನಿಜವಾದ ಪ್ರಶ್ನೆ ಎಷ್ಟು ಬಾರಿ ಬಂತು, ನಡೆಸಿಕೊಡುವವರತ್ತ ತಿರುಗಿ ದೂರು ಎಷ್ಟು ಬಾರಿ ಬಂತು. ಮುಗಿದ ಕೂಡಲೇ 'ಅವರ ಮೇಲೆ ಪ್ರೀತಿ ಹೆಚ್ಚಿತೇ' ಎಂದು ಪ್ರಶ್ನಾವಳಿ ಹಂಚಿದರೆ ಎಲ್ಲರೂ ಹೌದು ಎನ್ನುತ್ತಾರೆ, ಅದು ನಿಮ್ಮ ಮೇಲಿನ ಮರ್ಯಾದೆ. ಆರು ವಾರ ಬಿಟ್ಟು, ಎದುರಿನ ಕಡೆಯವರ ಮೂರು ಭಯಗಳನ್ನು ನೆನಪಿನಿಂದ ಬರೆಯಲು ಹೇಳಿ, ಆ ಕಾಗದವನ್ನು ಆ ಕಡೆ ಆಡಿದವರ ಕೈಗೇ ಕೊಟ್ಟು ತಿದ್ದಿಸಿ.